ಮಾತ್ರೆಯೂ ಅನ್ನವೂ: ಕ್ಷಯ ಚಿಕಿತ್ಸೆಯ ಇತಿಹಾಸದ ಕೆಲವು ಪುಟಗಳು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರು ಶ್ರಾವಕರ ಮನೆಯ ಮಕ್ಕಳಿಗೂ ಪರಿಚಿತ. ಇವುಗಳಲ್ಲಿ ಔಷಧದಾನವೆಂದರೆ ಔಷಧವನ್ನು ರೋಗಿಯ ಕೈಗೆ ಕೊಡುವಲ್ಲಿಗೆ ಮುಗಿಯುವಂಥದೇ, ಅಥವಾ ಆತನು ಅದನ್ನು ಸೇವಿಸಿ ಗುಣಹೊಂದುವವರೆಗೂ ಮುಂದುವರಿಯಬೇಕಾದುದೇ ಎಂಬ ಪ್ರಶ್ನೆ ನಾಲ್ಕು ದಿನಗಳ ಜ್ವರದ ಸಂದರ್ಭದಲ್ಲಿ ಏಳುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ಜೀವಮಾನವಿಡೀ ಔಷಧ ಸೇವಿಸಬೇಕಾದ ದೀರ್ಘವ್ಯಾಧಿಗಳಲ್ಲಿ ಅದು ತಪ್ಪದೆ ಏಳುತ್ತದೆ. ಆಧುನಿಕ ವೈದ್ಯಶಾಸ್ತ್ರವು ಈ ಪ್ರಶ್ನೆಯನ್ನು ಲೆಕ್ಕಾಚಾರ ಸಹಿತವಾಗಿ ಎದುರಿಸಿದ ಮೊದಮೊದಲ ಸಂದರ್ಭಗಳಲ್ಲಿ ಕ್ಷಯರೋಗದ್ದು ಮುಖ್ಯವಾದುದು. ಆ ಕೆಲಸದ ಬಹುಭಾಗ ನಡೆದದ್ದು ಲಂಡನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಅಲ್ಲ, ಮದರಾಸಿನ ಕಿಕ್ಕಿರಿದ ಬೀದಿಗಳಲ್ಲಿ ಮತ್ತು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ.

ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿ ಕ್ಷಯದ ರೋಗಾಣುವನ್ನು ತಾನು ಗುರುತಿಸಿರುವುದಾಗಿ ಬರ್ಲಿನ್ನಿನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಶತ್ರು ಯಾರೆಂದು ತಿಳಿದ ಮೇಲೂ ಅರವತ್ತು ವರ್ಷಗಳ ಕಾಲ ಅವನನ್ನು ಕೊಲ್ಲುವ ಆಯುಧ ಕೈಗೆ ಬರಲಿಲ್ಲ. ಆ ಅವಧಿಯ ಚಿಕಿತ್ಸೆಯೆಂದರೆ ಸ್ಯಾನಟೋರಿಯಂ: ಊರಿನಿಂದ ದೂರ, ತೆರೆದ ಗಾಳಿ, ದೀರ್ಘ ವಿಶ್ರಾಂತಿ, ಪುಷ್ಟಿಯಾದ ಊಟ. ಮದನಪಲ್ಲಿಯ ಬಳಿ 1915ರ ಸುಮಾರಿಗೆ ಆರೋಗ್ಯವರಂ ಸ್ಯಾನಟೋರಿಯಂ ಆರಂಭವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅವರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಸ್ಯಾನಟೋರಿಯಂ ಎದ್ದಿತು. ಹಳೆಯ ತಲೆಮಾರಿನ ಮೈಸೂರಿಗರಿಗೆ ಅದು ಪಿ.ಕೆ. ಸ್ಯಾನಟೋರಿಯಂ. ಅರಮನೆಯನ್ನೂ ಬಿಡದ ರೋಗವದು. ಆದರೆ ಹಾಸಿಗೆಗಳ ಸಂಖ್ಯೆಗೂ ರೋಗಿಗಳ ಸಂಖ್ಯೆಗೂ ತಾಳೆಯೇ ಇರಲಿಲ್ಲ. ದುಡಿಯುವ ಗಂಡಸೊಬ್ಬನು ವರ್ಷಗಟ್ಟಲೆ ಬೆಟ್ಟದ ತಪ್ಪಲಲ್ಲಿ ಮಲಗಿದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆಂಬುದಕ್ಕೆ ಸ್ಯಾನಟೋರಿಯಂನ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಷಾಟ್ಜ್ ಎಂಬ ತರುಣನು ಮಣ್ಣಿನ ಜೀವಾಣುವಿನಿಂದ ಸ್ಟ್ರೆಪ್ಟೋಮೈಸಿನ್ ಔಷಧವನ್ನು ಪ್ರತ್ಯೇಕಿಸಿದನು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಅದನ್ನು ಪರೀಕ್ಷಿಸಿ 1948ರಲ್ಲಿ ಪ್ರಕಟಿಸಿದ ಫಲಿತಾಂಶ ಈ ಇತಿಹಾಸದಲ್ಲಿ ನಿಂತು ನೋಡಬೇಕಾದ ಒಂದು ತಾಣ. ಸ್ಟ್ರೆಪ್ಟೋಮೈಸಿನ್ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು 4. ಕೇವಲ ಹಾಸಿಗೆ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14. ಔಷಧ ಗೆದ್ದಿತೆಂದು ಜಗತ್ತು ಸಂಭ್ರಮಿಸಿತು. ಐದು ವರ್ಷಗಳ ಬಳಿಕ ಅದೇ ರೋಗಿಗಳನ್ನು ಎಣಿಸಿದಾಗ ಮೊದಲನೆಯ ಗುಂಪಿನಲ್ಲಿ 32 ಮಂದಿಯೂ ಎರಡನೆಯದರಲ್ಲಿ 35 ಮಂದಿಯೂ ಗತಿಸಿದ್ದರು. ರೋಗಾಣುಗಳು ಒಂದೇ ಔಷಧಕ್ಕೆ ಒಗ್ಗಿಕೊಂಡು ಅದನ್ನು ಎದುರಿಸುವ ಬಲ ಪಡೆದಿದ್ದವು. ಆದಕಾರಣ ಎರಡು ಅಥವಾ ಮೂರು ಔಷಧಗಳನ್ನು ಒಟ್ಟಿಗೆ, ಒಂದೂವರೆ ವರ್ಷದವರೆಗೂ ಬಿಡದೆ ಕೊಡಬೇಕೆಂಬ ಪದ್ಧತಿ ಹುಟ್ಟಿತು. ಪಿ.ಎ.ಎಸ್. ಎಂಬ ಔಷಧವಾಗಲೇ ಬಂದಿತ್ತು. 1952ರಲ್ಲಿ ಅಗ್ಗವಾದ, ನುಂಗಲು ಸುಲಭವಾದ ಐಸೋನಿಯಾಜಿಡ್ ಸೇರಿತು. ಕ್ಷಯವು ಗುಣವಾಗುವ ರೋಗವಾಯಿತು. ಆದರೆ ಅದು ಗುಣವಾಗುವುದೋ ಇಲ್ಲವೋ ಎಂಬುದೀಗ ವೈದ್ಯನ ಜಾಣ್ಮೆಗಿಂತಲೂ ರೋಗಿಯು ಬೆಳಗಾದರೆ ಮಾತ್ರೆ ನುಂಗಿದನೇ ಎಂಬುದನ್ನು ಅವಲಂಬಿಸಿತು.

ಭಾರತದ ಪರಿಸ್ಥಿತಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1955ರಿಂದ 1958ರವರೆಗೆ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ತೆರೆದಿಟ್ಟಿತು. ಕ್ಷಯವು ಗಿರಣಿಗಳ ಪಟ್ಟಣಗಳ ರೋಗವೆಂಬುದು ಅಲ್ಲಿಯವರೆಗಿನ ನಂಬಿಕೆ. ಹಳ್ಳಿಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ರೋಗವಿರುವುದು ಸಮೀಕ್ಷೆಯಿಂದ ತಿಳಿಯಿತು. ಇಷ್ಟು ಜನರಿಗೆ ಹಾಸಿಗೆ ಒದಗಿಸುವುದು ಯಾವ ಸರಕಾರಕ್ಕೂ ಸಾಧ್ಯವಿರಲಿಲ್ಲ.

ಈ ಹಿನ್ನೆಲೆಯಲ್ಲಿ 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ರಾಸಾಯನಿಕ ಚಿಕಿತ್ಸಾ ಕೇಂದ್ರವು ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿ ಇವು ಸೇರಿ ಇದನ್ನು ನಡೆಸಿದವು. ವಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರು ಅದರ ಮೊದಲ ಮುಖ್ಯಸ್ಥರು. ಕೇಂದ್ರವು ಕೈಗೆತ್ತಿಕೊಂಡ ಪ್ರಶ್ನೆ ಸರಳವಾದುದು: ಬಡ ರೋಗಿಯನ್ನು ಆತನ ಮನೆಯಲ್ಲಿಯೇ ಇರಿಸಿ ಗುಣಪಡಿಸಬಹುದೇ? 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪನ್ನು ಸ್ಯಾನಟೋರಿಯಂಗೂ ಇನ್ನೊಂದನ್ನು ಮನೆಗೂ ಕಳುಹಿಸಲಾಯಿತು. ಇಬ್ಬರಿಗೂ ಒಂದು ವರ್ಷ ಒಂದೇ ಔಷಧ, ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಸ್ಯಾನಟೋರಿಯಂನವರಿಗೆ ಒಳ್ಳೆಯ ಊಟ, ವಿಶ್ರಾಂತಿ, ಶುಶ್ರೂಷೆಗಳಿದ್ದವು. ಮನೆಯವರು ಒಂದೇ ಕೋಣೆಯಲ್ಲಿ ಮಕ್ಕಳುಮರಿಗಳೊಡನೆ ಮಲಗಿದರು, ಇದ್ದುದನ್ನು ಉಂಡರು, ಎದ್ದು ನಡೆಯಬಲ್ಲವರು ದುಡಿಮೆಗೂ ಹೋದರು.

1959ರಲ್ಲಿ ಪ್ರಕಟವಾದ ಫಲಿತಾಂಶವು ಅನುಭವಿ ವೈದ್ಯರನ್ನು ಬೆರಗುಗೊಳಿಸಿತು. ಎರಡು ಗುಂಪುಗಳ ಗುಣದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಐದು ವರ್ಷಗಳ ಕಾಲ ಗಮನಿಸಿದ ಮೇಲೂ ಎರಡರಲ್ಲಿಯೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ರೋಗ ಶಮನಗೊಂಡಿತ್ತು. ಮನೆಯಲ್ಲಿ ಚಿಕಿತ್ಸೆ ಪಡೆದವರ ಹೆಂಡಿರು ಮಕ್ಕಳಿಗೆ ಸೋಂಕು ಹೆಚ್ಚಾಗಿ ತಗುಲಿದ್ದೂ ಕಂಡುಬರಲಿಲ್ಲ. ವೈದ್ಯರ ಸಲಹೆಯನ್ನು ಮೀರಿ ತಾವಾಗಿ ಹೊರಟುಹೋದವರು ಸ್ಯಾನಟೋರಿಯಂನಲ್ಲಿಯೇ ಹೆಚ್ಚು! ಮನೆ ಬಿಟ್ಟಿರಲಾರದ ಮನಸ್ಸಿಗೆ ಒಳ್ಳೆಯ ಊಟವೂ ರುಚಿಸದು ಎಂಬುದನ್ನು ತಿಳಿಯಲು ಸಂಶೋಧನೆ ಬೇಕಿರಲಿಲ್ಲವೆಂದು ನಮ್ಮ ಮನೆಗಳ ಹಿರಿಯರು ಹೇಳಿಯಾರು. ಅದೇನೇ ಇರಲಿ, ಸ್ಯಾನಟೋರಿಯಂಗಳ ಯುಗದ ಅಂತ್ಯವನ್ನು ಬರೆದ ಅಧ್ಯಯನವಿದು.

ಆದರೆ ಮದರಾಸಿನ ಈ ಯಶಸ್ಸಿನಲ್ಲಿ ಔಷಧದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿತ್ತು, ಮತ್ತು ಮುಂದಿನ ದಿನಗಳಲ್ಲಿ ಮರೆತುಹೋದದ್ದು ಅದೇ. ಕೇಂದ್ರದ ಆರೋಗ್ಯ ಸಂದರ್ಶಕಿಯರು ರೋಗಿಗಳ ಮನೆಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ ಉಳಿದ ಔಷಧವನ್ನು ಎಣಿಸುತ್ತಿದ್ದರು. ಮೂತ್ರವನ್ನು ಪರೀಕ್ಷಿಸಿ ಔಷಧ ನಿಜವಾಗಿಯೂ ಹೊಟ್ಟೆಗೆ ಹೋಗಿದೆಯೇ ಎಂದು ನೋಡುತ್ತಿದ್ದರು. ಬಾರದವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸುತ್ತಿದ್ದರು. ಪಿ.ಎ.ಎಸ್. ದಿನಕ್ಕೆ ಹಲವು ಗ್ರಾಂಗಳಷ್ಟು ನುಂಗಬೇಕಾದ ಔಷಧ. ಹೊಟ್ಟೆ ತೊಳಸುವುದು, ಭೇದಿಯಾಗುವುದು ಸಾಮಾನ್ಯ. ಎಷ್ಟು ಮನಸ್ಸಿದ್ದರೂ ರೋಗಿಗಳು ಔಷಧ ತಪ್ಪಿಸುವುದನ್ನು ಫಾಕ್ಸ್ ಮತ್ತು ಅವರ ಸಂಗಡಿಗರು ಹತ್ತಿರದಿಂದ ಕಂಡರು. ಓದಿದವನು ತಪ್ಪಿಸುವುದಿಲ್ಲ, ಓದದವನು ತಪ್ಪಿಸುತ್ತಾನೆ ಎಂಬಂಥ ಸುಲಭ ಸೂತ್ರಗಳು ಅಲ್ಲಿ ನಡೆಯಲಿಲ್ಲ. ಔಷಧ ಆರಂಭಿಸಿದ ಕೆಲವು ವಾರಗಳಲ್ಲಿ ಜ್ವರ ಇಳಿಯುತ್ತದೆ, ಕೆಮ್ಮು ನಿಲ್ಲುತ್ತದೆ, ಹಸಿವು ಮರಳುತ್ತದೆ. ತನಗೆ ಗುಣವಾಯಿತೆಂದು ರೋಗಿಗೆ ಅನಿಸುವ ಆ ಕ್ಷಣದಲ್ಲಿಯೇ ಆತನಿಗೆ ಹೆಚ್ಚಿನ ಅಪಾಯವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯದಲ್ಲಿಯೂ ಮಾತು ಇದೇ: ನೋವಿಲ್ಲದ ದಿನ ಮಾತ್ರೆ ನೆನಪಾಗುವುದಿಲ್ಲ. ದೀರ್ಘವ್ಯಾಧಿಗಳನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶ್ರೀಮಂತ ರಾಷ್ಟ್ರಗಳಲ್ಲಿಯೂ ಹೇಳಿದಂತೆ ಔಷಧ ಸೇವಿಸುವವರು ಸರಾಸರಿ ಅರ್ಧದಷ್ಟು ಮಾತ್ರ.

ಇದಕ್ಕೆ ಪರಿಹಾರವಾಗಿ ಮದರಾಸು ಕೇಂದ್ರವು ಇನ್ನೊಂದು ಪ್ರಯೋಗವನ್ನು ಮಾಡಿತು. ದಿನವೂ ಮನೆಯಲ್ಲಿ ನುಂಗುವ ಬದಲು ವಾರಕ್ಕೆ ಎರಡು ಸಲ ಕೇಂದ್ರಕ್ಕೆ ಬಂದು, ಸಿಬ್ಬಂದಿಯ ಕಣ್ಣೆದುರಿಗೇ ಸ್ಟ್ರೆಪ್ಟೋಮೈಸಿನ್ ಚುಚ್ಚಿಸಿಕೊಂಡು ಹೆಚ್ಚಿನ ಪ್ರಮಾಣದ ಐಸೋನಿಯಾಜಿಡ್ ಸೇವಿಸಿದರೆ ಹೇಗೆ? 1964ರಲ್ಲಿ ಪ್ರಕಟವಾದ ವರದಿಯಂತೆ, ಈ ಕ್ರಮವು ದಿನನಿತ್ಯದ ಔಷಧಕ್ಕಿಂತ ಯಾವ ರೀತಿಯಲ್ಲಿಯೂ ಕಡಿಮೆಯದಾಗಿರಲಿಲ್ಲ. ಮೂವತ್ತು ವರ್ಷಗಳ ಅನಂತರ ‘ಡಾಟ್ಸ್’ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಹರಡಿದ ಪದ್ಧತಿಯ ಬೀಜ ಇಲ್ಲಿದೆ.

ಇದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಬೇರೊಂದು ಬಗೆಯ ಚಿಂತನೆ ನಡೆದಿತ್ತು. 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಬಳ್ಳಾರಿ ರಸ್ತೆಯ ‘ಅವಲಾನ್’ ಎಂಬ ಬಂಗಲೆಯಲ್ಲಿ ನೆಲೆಗೊಂಡಿತು. 1960ರಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್ಡನ್ ಮಾಲರ್ ಅವರೂ ಆ ಆರಂಭದ ದಿನಗಳಲ್ಲಿ ಭಾರತದಲ್ಲಿದ್ದು ದುಡಿದವರು. ಈ ಸಂಸ್ಥೆಯ ವೈಶಿಷ್ಟ್ಯವೆಂದರೆ ವೈದ್ಯರು ಮತ್ತು ಸಂಖ್ಯಾಶಾಸ್ತ್ರಜ್ಞರ ಜೊತೆಗೆ ಸಮಾಜಶಾಸ್ತ್ರದ ಅಧ್ಯಯನಕ್ಕೂ ಅಲ್ಲಿ ಸ್ಥಾನವಿದ್ದುದು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನವು 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರು ಅಜ್ಞಾನಿಗಳು, ರೋಗ ಬಂದರೂ ಅರಿಯರು, ಅರಿತರೂ ಆಸ್ಪತ್ರೆಗೆ ಬಾರರು ಎಂಬುದು ಪಟ್ಟಣದ ವಿದ್ಯಾವಂತರ ಅಭಿಪ್ರಾಯವಾಗಿತ್ತು. ಸಂಶೋಧಕರು ರೋಗಿಗಳನ್ನೇ ಕೇಳಿದಾಗ ತಿಳಿದದ್ದು ಬೇರೆ. ಅವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದಾದರೊಂದು ವೈದ್ಯಸಂಸ್ಥೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ದೊರೆತದ್ದು ಬಹುಮಟ್ಟಿಗೆ ಕೆಮ್ಮಿನ ಔಷಧದ ಒಂದು ಸೀಸೆ. ಕಫವನ್ನು ಪರೀಕ್ಷಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಈ ಒಂದು ಅಧ್ಯಯನದಿಂದ ದೋಷದ ಭಾರ ರೋಗಿಯ ಹೆಗಲಿನಿಂದ ವ್ಯವಸ್ಥೆಯ ಹೆಗಲಿಗೆ ಬಂದಿತು, ಅಥವಾ ಬರಬೇಕಾಗಿತ್ತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಬೆಂಗಳೂರಿನ ಚಿಂತನೆಯ ಫಲವೇ. ಮೊದಲಿಗೆ ಅನಂತಪುರ ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಿದ ಆ ಯೋಜನೆಯಲ್ಲಿ ಪ್ರತ್ಯೇಕ ಕ್ಷಯ ಆಸ್ಪತ್ರೆಗಳಿಗೆ ಬದಲಾಗಿ ಊರಿನ ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿಯೇ ಕಫ ಪರೀಕ್ಷೆ ಮತ್ತು ಔಷಧ ದೊರೆಯಬೇಕಿತ್ತು. ಉದ್ದೇಶ ಘನವಾದುದು. ಆದರೆ ರೋಗಿಯು ತಿಂಗಳಿಗೊಮ್ಮೆ ಬಂದು ಔಷಧವನ್ನು ಒಯ್ಯಬೇಕು, ಹನ್ನೆರಡರಿಂದ ಹದಿನೆಂಟು ತಿಂಗಳು ಹೀಗೆ ನಡೆಯಬೇಕು. ಬಾರದಿದ್ದರೆ ಒಂದು ಕಾಗದ ಬರೆಯಬೇಕು. ಆಮೇಲೂ ಬಾರದಿದ್ದರೆ ಯಾರಾದರೂ ಮನೆಗೆ ಹೋಗಿ ವಿಚಾರಿಸಬೇಕು. ಕಾಗದಗಳು ಹೋದವು, ಜನ ಹೋಗಲಿಲ್ಲ. ಔಷಧವೇ ಮುಗಿದುಹೋದ ತಿಂಗಳುಗಳೂ ಇದ್ದವು. ಮದರಾಸಿನ ಪಾಠದಲ್ಲಿ ಖರ್ಚಿಲ್ಲದ ಅರ್ಧವನ್ನು, ಅಂದರೆ ರೋಗಿಯನ್ನು ಮನೆಯಲ್ಲಿಯೇ ಬಿಡಬಹುದೆಂಬುದನ್ನು ಕಾರ್ಯಕ್ರಮವು ಕಲಿತಿತು. ಆತನ ಮನೆಗೆ ನಡೆದು ಹೋಗಬೇಕೆಂಬ ಉಳಿದರ್ಧವು ಕಡತದಲ್ಲಿ ಉಳಿಯಿತು. 1992ರಲ್ಲಿ ಕಾರ್ಯಕ್ರಮವನ್ನು ಪುನರ್ವಿಮರ್ಶೆ ಮಾಡಿದಾಗ ಚಿಕಿತ್ಸೆಯನ್ನು ಪೂರ್ಣಗೊಳಿಸುತ್ತಿದ್ದವರು ಅರ್ಧಕ್ಕಿಂತಲೂ ಕಡಿಮೆಯೆಂದು ತಿಳಿದುಬಂದಿತು. ಅರ್ಧದಲ್ಲಿ ಬಿಟ್ಟ ಚಿಕಿತ್ಸೆ ಚಿಕಿತ್ಸೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದಾಗಬಹುದು. ಔಷಧಕ್ಕೆ ಜಗ್ಗದ ರೋಗಾಣುವನ್ನು ರೋಗಿಯು ತನ್ನ ಮಕ್ಕಳಿಗೂ ಹಂಚಿಯಾನು.

ಇಷ್ಟರಲ್ಲಿ ರಿಫಾಂಪಿಸಿನ್ ಎಂಬ ಪ್ರಬಲ ಔಷಧ ಬಂದು, 1970ರ ದಶಕದ ಪ್ರಯೋಗಗಳಿಂದ ಚಿಕಿತ್ಸೆಯ ಅವಧಿಯು ಆರು ತಿಂಗಳಿಗೆ ಇಳಿಯುವುದು ಸಾಧ್ಯವಾಗಿತ್ತು. ತಾಂಜಾನಿಯಾದಲ್ಲಿ ಕರೆಲ್ ಸ್ಟಿಬ್ಲೋ ಎಂಬ ವೈದ್ಯರು ಬಡ ದೇಶದಲ್ಲಿಯೂ ಪ್ರತಿಯೊಬ್ಬ ರೋಗಿಯ ಲೆಕ್ಕವಿಟ್ಟು ಗುಣಪಡಿಸಬಹುದೆಂದು ತೋರಿಸಿದ್ದರು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಷಯವನ್ನು ಜಾಗತಿಕ ತುರ್ತುಸ್ಥಿತಿಯೆಂದು ಘೋಷಿಸಿತು. ಅದೇ ವರ್ಷ ಭಾರತದಲ್ಲಿ ಪರಿಷ್ಕೃತ ಕಾರ್ಯಕ್ರಮದ ಪ್ರಯೋಗ ಆರಂಭವಾಗಿ, 1997ರಿಂದ ವಿಸ್ತರಿಸುತ್ತ, 2006ರ ಹೊತ್ತಿಗೆ ದೇಶವನ್ನೆಲ್ಲ ಆವರಿಸಿತು. ಪ್ರತಿ ರೋಗಿಯ ಹೆಸರಿನಲ್ಲಿ ಒಂದು ಔಷಧದ ಪೆಟ್ಟಿಗೆ. ಆರು ತಿಂಗಳ ಔಷಧ ಅದರಲ್ಲಿಯೇ ಇರುವುದರಿಂದ ನಡುವೆ ಮುಗಿಯುವ ಭಯವಿಲ್ಲ. ವಾರಕ್ಕೆ ಮೂರು ದಿನ ಇನ್ನೊಬ್ಬರ ಎದುರು ನುಂಗಬೇಕು. ಗುಣವಾಗುವವರ ಪ್ರಮಾಣವು ಕಣ್ಣಿಗೆ ಕಾಣುವಂತೆ ಏರಿತು.

ಆದರೂ ಇನ್ನೊಬ್ಬರ ಎದುರು ನುಂಗುವ ಈ ಕ್ರಮದ ಬಗ್ಗೆ ನೀತಿಯ ದೃಷ್ಟಿಯಿಂದ ಆಕ್ಷೇಪಗಳು ಎದ್ದವು. ಕೂಲಿಗೆ ಹೋಗುವವನು ವಾರಕ್ಕೆ ಮೂರು ಬೆಳಗ್ಗೆ ಕೇಂದ್ರದ ಬಾಗಿಲಲ್ಲಿ ನಿಂತರೆ ಕೂಲಿ ಹೋಗುತ್ತದೆ; ಮದುವೆಗೆ ಬಂದ ಹುಡುಗಿ ಅಲ್ಲಿ ನಿಂತರೆ ಸಂಬಂಧವೇ ಹೋಗಬಹುದು. ದಕ್ಷಿಣ ಆಫ್ರಿಕಾದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಣ್ಗಾವಲಿನಲ್ಲಿ ಔಷಧ ಸೇವಿಸಿದವರಿಗಿಂತ ತಾವಾಗಿ ಸೇವಿಸಿದವರು ಯಾವ ರೀತಿಯಲ್ಲಿಯೂ ಹಿಂದೆ ಬೀಳಲಿಲ್ಲ. ಹಾಗಾದರೆ ಡಾಟ್ಸ್ ಪದ್ಧತಿಯ ಗುಣವೆಲ್ಲಿತ್ತು? ಔಷಧವು ತಪ್ಪದೆ ದೊರೆತದ್ದು, ಅವಧಿ ಚಿಕ್ಕದಾದದ್ದು, ಯಾರೋ ಒಬ್ಬರು ಹೆಸರು ಹಿಡಿದು ವಿಚಾರಿಸಿದ್ದು ಇವುಗಳಲ್ಲಿ ಎಂದು ಊಹಿಸಲು ಅವಕಾಶವಿದೆ. ವಿಚಾರಿಸುವುದಕ್ಕೂ ಕಾವಲು ಕಾಯುವುದಕ್ಕೂ ನಡುವಣ ಗೆರೆ ತೆಳುವಾದುದು. ಅಂಗನವಾಡಿಯ ಕಾರ್ಯಕರ್ತೆಯೋ ನೆರೆಮನೆಯ ಅಜ್ಜಿಯೋ ‘ಮಾತ್ರೆ ತೊಗೊಂಡೆಯೇನಪ್ಪಾ’ ಎಂದು ಕೇಳುವುದೇ ಬೇರೆ, ಸರಕಾರದ ವಹಿಯಲ್ಲಿ ಗುರುತು ಹಾಕಿಸಿಕೊಳ್ಳುವುದೇ ಬೇರೆ. ಚಿಕಿತ್ಸೆ ಬಿಟ್ಟವರನ್ನು ಸಾಲ ತೀರಿಸದವರಂತೆ ‘ಡಿಫಾಲ್ಟರ್’ ಎಂದು ಕರೆಯುವ ರೂಢಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಕೈಬಿಟ್ಟು, ಸಂಪರ್ಕ ತಪ್ಪಿದವರು ಎಂಬರ್ಥದ ಪದವನ್ನು ಬಳಕೆಗೆ ತಂದಿತು. ಬರಿಯ ಪದದ ಬದಲಾವಣೆಯೆಂದು ಇದನ್ನು ತಳ್ಳಿಹಾಕಲಾಗದು. ಡಿಫಾಲ್ಟರ್ ಎಂದರೆ ತಪ್ಪು ಆತನದು. ಸಂಪರ್ಕ ತಪ್ಪಿತೆಂದರೆ ಅದನ್ನು ಉಳಿಸಿಕೊಳ್ಳಬೇಕಾದವರು ಇಬ್ಬರು. 2017ರಿಂದ ಭಾರತದಲ್ಲಿ ವಾರಕ್ಕೆ ಮೂರು ದಿನದ ಕ್ರಮವನ್ನು ಬಿಟ್ಟು ದಿನನಿತ್ಯದ ಔಷಧಕ್ಕೆ ಬರಲಾಗಿದೆ.

ಇನ್ನು ಅನ್ನದ ವಿಷಯ. ಮದರಾಸಿನ ಅಧ್ಯಯನದಲ್ಲಿ ಮನೆಯವರು ಕಡಿಮೆ ಉಂಡೂ ಗುಣಹೊಂದಿದರಷ್ಟೆ. ಅದರಿಂದ, ಔಷಧವಿದ್ದರೆ ಸಾಕು, ಆಹಾರವು ಮುಖ್ಯವಲ್ಲವೆಂಬ ತೀರ್ಮಾನಕ್ಕೆ ಬರಲಾಯಿತು. ಅಧ್ಯಯನದ ಮಾತು ಅಷ್ಟು ವಿಸ್ತಾರವಾದುದಾಗಿರಲಿಲ್ಲ. ಕಫದಿಂದ ರೋಗಾಣು ಮಾಯವಾಗಲು ವಿಶೇಷ ಆಹಾರ ಬೇಕಿಲ್ಲವೆಂದು ಅದು ತೋರಿಸಿತೇ ಹೊರತು, ಹಸಿದವನು ರೋಗವನ್ನು ತಡೆದುಕೊಳ್ಳಬಲ್ಲನೆಂದು ತೋರಿಸಲಿಲ್ಲ. ಸ್ಯಾನಟೋರಿಯಂ ಮುಚ್ಚಿದಾಗ ಅದರ ಅಡುಗೆಮನೆಯೂ ಮುಚ್ಚಿತು, ಮತ್ತು ಅರ್ಧ ಶತಮಾನದವರೆಗೆ ಅದನ್ನು ಯಾರೂ ನೆನೆಯಲಿಲ್ಲ. ಮೈ ಸವೆದುಹೋಗುವುದರಿಂದಲೇ ಈ ರೋಗಕ್ಕೆ ಕ್ಷಯವೆಂದು ಹೆಸರು. ಕರ್ಮಕ್ಷಯವನ್ನು ಬಯಸುವ ಸಮುದಾಯಕ್ಕೂ ಈ ಕ್ಷಯವು ಬೇಡವಾದುದೇ.

ಈ ಮರೆವನ್ನು ಸರಿಪಡಿಸಿದ ಅಧ್ಯಯನಕ್ಕೆ ಕರ್ನಾಟಕದ ನಂಟಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು, ಮದರಾಸಿನ ಅದೇ ಕೇಂದ್ರದ ಉತ್ತರಾಧಿಕಾರಿಯಾದ ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯವರೇ ಮೊದಲಾದ ಸಂಗಡಿಗರೊಡನೆ, ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2,800 ರೋಗಿಗಳನ್ನೂ ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನೂ ಗಮನಿಸಿದರು. ರೋಗಿಗಳಲ್ಲಿ ಐದರಲ್ಲಿ ನಾಲ್ವರು ತೂಕ ಸಾಲದವರು. ಎಲ್ಲ ರೋಗಿಗಳಿಗೂ ಔಷಧದ ಜೊತೆಗೆ ತಿಂಗಳಿಗೆ ಸುಮಾರು ಹತ್ತು ಕಿಲೋ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಗಳ ಗಂಟನ್ನು ಕೊಡಲಾಯಿತು. ಅರ್ಧದಷ್ಟು ಮನೆಗಳಲ್ಲಿ ಉಳಿದ ಸದಸ್ಯರಿಗೂ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಲ್ಯಾನ್ಸೆಟ್ ಪತ್ರಿಕೆಗಳಲ್ಲಿ 2023ರಲ್ಲಿ ಫಲಿತಾಂಶ ಬಂದಿತು. ಆಹಾರ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇ. 39ರಷ್ಟು ಇಳಿಯಿತು, ಸೋಂಕು ಹರಡುವ ಶ್ವಾಸಕೋಶದ ಕ್ಷಯವಂತೂ ಶೇ. 48ರಷ್ಟು. ಮೊದಲ ಎರಡು ತಿಂಗಳಲ್ಲಿ ತೂಕವು ಶೇ. 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಸಂಭವವು ಶೇ. 61ರಷ್ಟು ಕಡಿಮೆಯಿತ್ತು. ರೋಗಿಗಳಲ್ಲಿ ಸುಮಾರು ಶೇ. 94 ಮಂದಿ ಚಿಕಿತ್ಸೆಯನ್ನು ಯಶಸ್ವಿಯಾಗಿ ಮುಗಿಸಿದರು. ರೋಗಿಗಳೆಲ್ಲರಿಗೂ ಆಹಾರ ಕೊಟ್ಟಿದ್ದುದರಿಂದ ಈ ಕೊನೆಯ ಅಂಕಿಯನ್ನು ಅನ್ನದ ಖಾತೆಗೇ ಪೂರ್ತಿ ಬರೆಯಲಾಗದು. ಆದರೆ ಹಿಂದಿನ ಕಾರ್ಯಕ್ರಮಗಳ ನೆನಪಿರುವವರಿಗೆ ಅದು ಸಣ್ಣ ಸಂಗತಿಯಲ್ಲ. ಚಿಕಿತ್ಸೆಯ ಆರಂಭದಲ್ಲಿ ದುಡಿಯಲು ಶಕ್ತರಾಗಿದ್ದವರು ನೂರಕ್ಕೆ ಮೂರು. ಕೊನೆಯಲ್ಲಿ ಮುಕ್ಕಾಲು ಪಾಲು.

ಸರಕಾರವು 2018ರಿಂದ ಪ್ರತಿ ರೋಗಿಗೆ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದು, 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿದೆ. 2025ರೊಳಗೆ ಕ್ಷಯವನ್ನು ಕೊನೆಗಾಣಿಸುವ ಗುರಿಯನ್ನು ದೇಶವು ಮುಟ್ಟಲಾಗಿಲ್ಲ, ಆದರೆ ಲಕ್ಷ ಜನರಿಗೆ 2015ರಲ್ಲಿ 237ರಷ್ಟಿದ್ದ ಹೊಸ ರೋಗಿಗಳ ಪ್ರಮಾಣವು 2023ರ ಹೊತ್ತಿಗೆ 195ಕ್ಕೆ ಇಳಿದಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2022ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ನಿಕ್ಷಯ ಮಿತ್ರ’ ಯೋಜನೆಯಲ್ಲಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ಒಬ್ಬೊಬ್ಬ ರೋಗಿಯ ಅಥವಾ ಒಂದು ತಾಲೂಕಿನ ರೋಗಿಗಳ ಆಹಾರದ ಹೊಣೆಯನ್ನು ವಹಿಸಿಕೊಳ್ಳಬಹುದು. ಬಸದಿಗಳ ಟ್ರಸ್ಟುಗಳಿಗೂ ಇದರ ಬಾಗಿಲು ತೆರೆದಿದೆ. ಹೀಗೆ ಹೊಣೆ ಹೊರಲು ರೋಗಿಯ ಒಪ್ಪಿಗೆ ಇರಬೇಕೆಂಬುದು ಯೋಜನೆಯ ನಿಯಮ. ಗಂಟನ್ನು ಹಸ್ತಾಂತರಿಸುವ ಸಮಾರಂಭವನ್ನು ಏರ್ಪಡಿಸಿ, ರೋಗಿಯನ್ನು ವೇದಿಕೆಗೆ ಕರೆದು ಛಾಯಾಚಿತ್ರ ತೆಗೆಸುವ ಉತ್ಸಾಹಿಗಳು ಈ ನಿಯಮದ ಆಶಯವನ್ನು ಓದಿದಂತಿಲ್ಲ. ಕೆಮ್ಮು ನಿಂತು ಆತ ಕೆಲಸಕ್ಕೆ ಮರಳುವ ಮೂರನೆಯ ತಿಂಗಳಿನಲ್ಲಿ ಸಾಮಾನ್ಯವಾಗಿ ವೇದಿಕೆಯೂ ಇರುವುದಿಲ್ಲ, ಛಾಯಾಗ್ರಾಹಕನೂ ಇರುವುದಿಲ್ಲ. ಮದರಾಸಿನ ಆರೋಗ್ಯ ಸಂದರ್ಶಕಿಯರು ಬಾಗಿಲು ತಟ್ಟುತ್ತಿದ್ದುದು ಅಂಥ ತಿಂಗಳುಗಳಲ್ಲಿಯೂ.